ಚಾಕೊಲೇಟ್ ಗೌರಾಮಿ: ಮೊದಲು ನೀರು ಸಾಕಿ, ಆಮೇಲೆ ಮೀನು

ಪ್ರಶ್ನೆ: ಬೆಂಗಳೂರಿನಲ್ಲಿದ್ದೇನೆ. ಆರು ವರ್ಷದಿಂದ ಮೀನು ಸಾಕುತ್ತಿದ್ದೇನೆ. ಗಪ್ಪಿ, ಏಂಜೆಲ್, ಬೆಟ್ಟಾ ಎಲ್ಲವೂ ಚೆನ್ನಾಗಿವೆ. ಹೋದ ತಿಂಗಳು ಅಂಗಡಿಯಲ್ಲಿ ಚಾಕೊಲೇಟ್ ಗೌರಾಮಿ ಕಂಡು ಮನಸ್ಸು ತಡೆಯಲಿಲ್ಲ, ನಾಲ್ಕು ತಂದೆ. ಹತ್ತೇ ದಿನದಲ್ಲಿ ಎರಡು ಸತ್ತವು. ಉಳಿದೆರಡು ಮೂಲೆ ಹಿಡಿದು ರೆಕ್ಕೆ ಮುದುರಿಕೊಂಡಿವೆ, ಆಗಾಗ ಎಲೆಗೆ ಮೈ ಉಜ್ಜುತ್ತವೆ. ನಮ್ಮದು ಬೋರ್‌ವೆಲ್ ನೀರು, ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಅಳತೆ) 640. ಈ ಮೀನಿಗೆ ಹುಳಿ ನೀರು ಬೇಕು ಅಂತ ಓದಿ ಪಿಎಚ್ (ಈ ಅಂಕಿ ಇಳಿದಷ್ಟೂ ನೀರು ಹುಳಿ) ಇಳಿಸುವ ದ್ರಾವಣ ಹಾಕುತ್ತಿದ್ದೇನೆ. ಸಂಜೆ 6.2 ಇದ್ದದ್ದು ಬೆಳಗ್ಗೆ ನೋಡಿದರೆ 7.6 ಆಗಿರುತ್ತದೆ. ಈ ಮೀನು ನಮ್ಮ ಮನೆಗೆ ಆಗಿಬರುವುದೇ ಇಲ್ವಾ? ಇನ್ನೂ ನಾಲ್ಕು ತಂದು ಬಿಟ್ಟರೆ ಗುಂಪಲ್ಲಿ ಧೈರ್ಯ ಬಂದೀತೇ?

ಉತ್ತರ: ಇನ್ನೂ ನಾಲ್ಕು ತರಬೇಡಿ. ಸದ್ಯಕ್ಕೆ ಒಂದೂ ಬೇಡ. ನೀವು ಕೊನೆಗೆ ಕೇಳಿದ್ದಕ್ಕೆ ಮೊದಲು ಉತ್ತರ ಹೇಳಿಬಿಟ್ಟೆ, ಯಾಕೆಂದರೆ ಈ ಭಾನುವಾರವೇ ನೀವು ಅಂಗಡಿಗೆ ಹೊರಟುಬಿಡಬಹುದು. ಈ ಮೀನು ಗುಂಪಲ್ಲಿ ಇರಬೇಕು ಅನ್ನೋದು ನಿಜ. ಆದರೆ ಎರಡು ಮೀನಿಗೆ ಆಗದ ನೀರು ಆರು ಮೀನಿಗೂ ಆಗುವುದಿಲ್ಲ.

ಮೊದಲು ಬದುಕಿರುವ ಎರಡನ್ನು ನೋಡೋಣ.

ಇವತ್ತು ರಾತ್ರಿ ಟ್ಯಾಂಕಿನ ಲೈಟು, ರೂಮಿನ ಲೈಟು ಎರಡೂ ಆರಿಸಿ. ಹದಿನೈದು ನಿಮಿಷ ಸುಮ್ನೆ ಬಿಡಿ. ಆಮೇಲೆ ಮೊಬೈಲ್ ಟಾರ್ಚ್ ತಗೊಂಡು, ಎದುರಿಂದ ಹಿಡಿಯದೆ ಪಕ್ಕದ ಗಾಜಿನಿಂದ ಓರೆಯಾಗಿ ಹಿಡಿಯಿರಿ. ಬೆಳಕು ಮೀನಿನ ಬೆನ್ನ ಮೇಲೆ ಜಾರಿ ಹೋಗುವ ಹಾಗಿರಬೇಕು. ಚರ್ಮದ ಮೇಲೆ ಅರಿಶಿನದ ಪುಡಿಯನ್ನು ಜರಡಿ ಹಿಡಿದಂತೆ ನುಣ್ಣನೆಯ ಹಳದಿ ಧೂಳು ಹೊಳೆದರೆ ಅದು ವೆಲ್ವೆಟ್ ರೋಗ. ಬಿಳಿ ಚುಕ್ಕೆ ರೋಗದ ಚುಕ್ಕೆ ರವೆ ಕಾಳಿನಷ್ಟು ದಪ್ಪಗೆ, ಎಣಿಸಲು ಬರುವ ಹಾಗಿರುತ್ತದೆ. ಇದನ್ನು ಎಣಿಸಲು ಆಗುವುದಿಲ್ಲ. ಹಗಲು ಬೆಳಕಿನಲ್ಲಿ ಕಾಣುವುದೂ ಇಲ್ಲ. ರೆಕ್ಕೆ ಮುದುರುವುದು, ಮೈ ಉಜ್ಜುವುದು, ಕಿವಿರು ಬೇಗ ಬೇಗ ಬಡಿಯುವುದು, ಇವೆಲ್ಲ ಅದರ ಲಕ್ಷಣಗಳೇ. ಚಾಕೊಲೇಟ್ ಗೌರಾಮಿಗೆ ಬರುವ ರೋಗಗಳಲ್ಲಿ ನಾನು ಹೆಚ್ಚು ಕಂಡಿರುವುದು ಇದನ್ನೇ.

ಹಾಗಿದ್ದರೆ ಎರಡನ್ನೂ 15–20 ಲೀಟರಿನ ಬೇರೆ ಪ್ಲಾಸ್ಟಿಕ್ ಟಬ್ಬಿಗೆ ಹಾಕಿ. ಟಬ್ಬಿಗೆ ಈಗಿರುವ ಟ್ಯಾಂಕಿನ ನೀರನ್ನೇ ತುಂಬಿ. ಸಣ್ಣ ಹೀಟರ್ ಇಟ್ಟು ಒಂದು ದಿನದ ಅವಧಿಯಲ್ಲಿ ನಿಧಾನಕ್ಕೆ 29 ಡಿಗ್ರಿಗೆ ಏರಿಸಿ. ಮೇಲೆ ಮುಚ್ಚಳ, ಸುತ್ತ ದಪ್ಪ ಬಟ್ಟೆ. ಕತ್ತಲೆ ಯಾಕೆ ಅಂದರೆ, ವೆಲ್ವೆಟ್ ತರುವ ಪರಾವಲಂಬಿಗೆ ಗಿಡಗಳ ಹಾಗೆ ಬೆಳಕಿನಿಂದಲೂ ಸ್ವಲ್ಪ ಆಹಾರ ಮಾಡಿಕೊಳ್ಳುವ ಶಕ್ತಿ ಇದೆ. ಬೆಳಕು ಸಿಗದಿದ್ದರೆ ಅದು ಸೊರಗುತ್ತದೆ. ಆಕ್ರಿಫ್ಲೇವಿನ್ ಇರುವ ಔಷಧ ಸಿಗುತ್ತದೆ. ಬಾಟಲಿಯ ಮೇಲೆ ಬರೆದ ಪ್ರಮಾಣದ ಅರ್ಧದಿಂದ ಶುರು ಮಾಡಿ, ಮೀನು ತಡೆದುಕೊಂಡರೆ ಮಾರನೇ ದಿನ ಪೂರ್ತಿಗೆ ಹೋಗಿ. ದಿನಾ ಹತ್ತನೇ ಒಂದು ಭಾಗ ನೀರು ಬದಲಿಸಿ, ತೆಗೆದ ನೀರಿನ ಲೆಕ್ಕಕ್ಕೆ ಔಷಧ ಮತ್ತೆ ಸೇರಿಸಿ. ಧೂಳು ಹೋಯಿತು ಅಂತ ನಾಲ್ಕೇ ದಿನಕ್ಕೆ ನಿಲ್ಲಿಸಬೇಡಿ. ಹತ್ತರಿಂದ ಹದಿನಾಲ್ಕು ದಿನ ಬೇಕು. ಮೀನಿನ ಮೈ ಬಿಟ್ಟ ಪರಾವಲಂಬಿ ತಳದಲ್ಲಿ ಕೂತು ಮರಿ ಮಾಡಿ ವಾಪಸ್ ಬರುತ್ತದೆ, ಅದಕ್ಕೇ.

ಎರಡು ಎಚ್ಚರಿಕೆ. ತಾಮ್ರ ಇರುವ ಔಷಧ ಬೇಡವೇ ಬೇಡ. ಮೆದು ನೀರಿನಲ್ಲಿ, ಅಂದರೆ ಲವಣ ಕಡಿಮೆ ಇರುವ ನೀರಿನಲ್ಲಿ, ಹುಳಿ ನೀರಿನಲ್ಲಿ ತಾಮ್ರದ ವಿಷ ಬಹಳ ಜಾಸ್ತಿ. ಮುಂದೆ ನೀವು ಹೋಗಬೇಕಾದದ್ದು ಅಂಥ ನೀರಿಗೇ. ಇನ್ನೊಂದು, ಯಾರಾದರೂ ಕಲ್ಲುಪ್ಪು ಹಾಕಿ ಅನ್ನಬಹುದು. ಗಪ್ಪಿಗೆ, ಮೊಲಿ ಮೀನಿಗೆ ನಾನೂ ಹಾಕುತ್ತೇನೆ. ಲವಣವೇ ಇಲ್ಲದ ನೀರಿನಲ್ಲಿ ಹುಟ್ಟಿದ ಈ ಮೀನಿಗೆ ಹಾಕುವುದಿಲ್ಲ.

ಮತ್ತೆ, ಆ ಪಿಎಚ್ ಇಳಿಸುವ ದ್ರಾವಣವನ್ನು ಇವತ್ತೇ ನಿಲ್ಲಿಸಿ. ನನ್ನ ಲೆಕ್ಕದಲ್ಲಿ ನಿಮ್ಮ ಮೀನನ್ನು ರೋಗಕ್ಕೆ ದೂಡಿದ್ದೇ ಅದು.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ನಿಮ್ಮ ಬೋರ್‌ವೆಲ್ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜೊತೆ ಬೈಕಾರ್ಬೊನೇಟ್ ಇದೆ. ಅಡುಗೆ ಸೋಡಾ ಕರಗಿಸಿದ ನೀರಿಗೆ ನಿಂಬೆಹಣ್ಣು ಹಿಂಡಿದರೆ ಏನಾಗುತ್ತದೆ? ಬುರುಬುರು ಅಂತ ನೊರೆ ಬಂದು ಹುಳಿಯೇ ಮಾಯವಾಗುತ್ತದೆ. ನಿಮ್ಮ ಟ್ಯಾಂಕಿನಲ್ಲೂ ದಿನಾ ಅದೇ ನಡೆಯುತ್ತಿದೆ. ಸಂಜೆ ಹಾಕಿದ ಆಮ್ಲವನ್ನು ಬೈಕಾರ್ಬೊನೇಟ್ ತಿಂದುಹಾಕುತ್ತದೆ, ಹುಟ್ಟಿದ ಅಂಗಾರಾಮ್ಲ (ಕಾರ್ಬನ್ ಡೈಆಕ್ಸೈಡ್) ರಾತ್ರಿಯಿಡೀ ಗಾಳಿಗೆ ಹಾರಿಹೋಗುತ್ತದೆ, ಬೆಳಗ್ಗೆ ಪಿಎಚ್ ಮತ್ತೆ ಮೇಲೆ. ನೀರು ಮೆದುವೂ ಆಗಲಿಲ್ಲ. ಆಮ್ಲದ ಉಪ್ಪು ಸೇರಿ ಟಿಡಿಎಸ್ ಇನ್ನಷ್ಟು ಏರಿತು ಅಷ್ಟೇ.

ಅಮೋನಿಯಾದ ಆಟ ಇನ್ನೂ ಕೆಟ್ಟದ್ದು. ಮೀನಿನ ಮೈಯಿಂದ ಬರುವ ಅಮೋನಿಯಾ ನೀರಲ್ಲಿ ಎರಡು ರೂಪದಲ್ಲಿ ಇರುತ್ತದೆ. ಹುಳಿ ನೀರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಅಮೋನಿಯಂ ಆಗಿ ನಿದ್ದೆ ಮಾಡುತ್ತದೆ, ಮೀನಿಗೆ ಅಷ್ಟು ಅಪಾಯವಿಲ್ಲ. ಪಿಎಚ್ ಏರಿದಂತೆ ಅದು ಎಚ್ಚರವಾಗಿ ವಿಷದ ಅಮೋನಿಯಾ ಆಗುತ್ತದೆ. ಪಿಎಚ್ 6ರಲ್ಲಿ ಸಾವಿರಕ್ಕೆ ಒಂದು ಪಾಲೂ ವಿಷದ ರೂಪದಲ್ಲಿ ಇರುವುದಿಲ್ಲ. 7ರಲ್ಲಿ ಸಾವಿರಕ್ಕೆ ಆರೇಳು. 8ಕ್ಕೆ ಬಂದರೆ ನೂರಕ್ಕೆ ಐದಾರು. ನಿಮ್ಮ 6.2ರಿಂದ 7.6ಕ್ಕೆ ಲೆಕ್ಕ ಹಾಕಿದರೆ ರಾತ್ರಿ ಬೆಳಗಾಗುವುದರಲ್ಲಿ ವಿಷ ಸುಮಾರು 25 ಪಟ್ಟು ಏರಿರುತ್ತದೆ. ಟ್ಯಾಂಕಲ್ಲಿ ಅಮೋನಿಯಾ ಚೂರೇ ಇದ್ದರೂ ಸಾಕು. ದಿನಾ ಹೀಗಾದರೆ ಎಂಥ ಮೀನಿಗೂ ಮೈಯಲ್ಲಿ ತ್ರಾಣ ಉಳಿಯುವುದಿಲ್ಲ, ಇದಕ್ಕಂತೂ ಮೊದಲೇ ಇಲ್ಲ.

ನಿಮ್ಮ ಮನೆಗೆ ಆಗಿಬರುವುದಿಲ್ಲವಾ ಅಂತ ಕೇಳಿದ್ದೀರಿ. ಆಗಿಬರುತ್ತದೆ. ಆದರೆ ಅದು ಎಲ್ಲಿಂದ ಬಂತು ಅಂತ ಮೊದಲು ತಿಳಿದುಕೊಳ್ಳಬೇಕು.

ಮಲಯಾ ಪರ್ಯಾಯ ದ್ವೀಪ, ಸುಮಾತ್ರಾ, ಬೋರ್ನಿಯೊ. ಅಲ್ಲಿನ ತಗ್ಗು ನೆಲದ ಪೀಟ್ ಜೌಗು ಕಾಡುಗಳು ಇದರ ತವರು. ಪೀಟ್ ಅಂದರೆ ಪೂರ್ತಿ ಕೊಳೆಯದೆ ಉಳಿದ ಎಲೆ, ಬೇರು, ಮರದ ಬೊಡ್ಡೆಗಳ ರಾಶಿ. ಸಾವಿರಾರು ವರ್ಷ ಸೇರಿ ಸೇರಿ ಅದು ಎಷ್ಟೋ ಮೀಟರ್ ದಪ್ಪವಾಗಿದೆ. ನಮ್ಮ ಸಿದ್ದಾಪುರದ ಕಡೆಯ ರಾಂಪತ್ರೆ ಜಡ್ಡಿಯನ್ನು (ರಾಂಪತ್ರೆ ಮರಗಳ ಜೌಗು ಕಾಡು) ನೋಡಿದವರು ಆ ನೆರಳು, ನೀರಲ್ಲಿ ನಿಂತ ಬೇರು, ತಳದ ಎಲೆಯ ಹಾಸು ನೆನಪಿಸಿಕೊಳ್ಳಬಹುದು. ವ್ಯತ್ಯಾಸ ಇರುವುದು ನೆಲದಲ್ಲಿ. ಪೀಟ್ ಕಾಡಿನ ನೀರಿಗೆ ಮಣ್ಣು, ಕಲ್ಲು ತಾಗುವುದೇ ಇಲ್ಲ. ಬರುವುದು ಮಳೆ, ಬೀಳುವುದು ಎಲೆಯ ಮೇಲೆ. ಹಾಗಾಗಿ ಸುಣ್ಣದ ಅಂಶ ಇಲ್ಲವೇ ಇಲ್ಲ ಅನ್ನಬೇಕು. ನೀರಿನ ಬಣ್ಣ ಹಾಲು ಹಾಕದ ಟೀ ಡಿಕಾಕ್ಷನ್‌ನದ್ದು. ಪಿಎಚ್ 4, 5. ಕೆಲವು ಕಡೆ 3ರ ಹತ್ತಿರ. ಅಂಥ ನೀರಲ್ಲಿ ಬ್ಯಾಕ್ಟೀರಿಯಾ ಕಡಿಮೆ. ಅಲ್ಲಿ ಹುಟ್ಟಿ ಬೆಳೆದ ಮೀನಿಗೆ ನಮ್ಮ ಗಡಸು ನೀರಿನ ರೋಗಾಣುಗಳ ಪರಿಚಯವೇ ಇರುವುದಿಲ್ಲ. ಅಂಗಡಿಯವರು ಇದನ್ನು ಸೂಕ್ಷ್ಮ ಮೀನು ಅನ್ನುತ್ತಾರೆ. ನನಗೆ ಆ ಮಾತು ಅಷ್ಟು ಒಪ್ಪಿಗೆಯಿಲ್ಲ. ಪಿಎಚ್ 4ರಲ್ಲಿ ಆರಾಮಾಗಿ ಸಂಸಾರ ಮಾಡುವ ಮೀನು ಅದು, ನಿಮ್ಮ ಗಪ್ಪಿಯನ್ನು ಅಲ್ಲಿಗೆ ಬಿಟ್ಟರೆ ಗಪ್ಪಿ ಉಳಿಯುವುದಿಲ್ಲ.

ಅದೇ ಥರದ ನೀರಿನಲ್ಲಿ, ಸುಮಾತ್ರಾದಲ್ಲಿ, ಪೀಡೊಸಿಪ್ರಿಸ್ ಅನ್ನುವ ಮೀನು ಸಿಕ್ಕಿತು. 2006ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿದಾಗ, ಬೆಳೆದ ಹೆಣ್ಣಿನ ಉದ್ದ ಬರೀ 7.9 ಮಿಲಿಮೀಟರ್. ಮಸೂರ ಬೇಳೆಗಿಂತ ಸ್ವಲ್ಪ ಉದ್ದ ಅಷ್ಟೇ. ಸತ್ತ ನೀರು, ಏನೂ ಇಲ್ಲ ಅಂತ ಬಿಟ್ಟಿದ್ದ ಜಾಗದಲ್ಲಿ ಇಷ್ಟು ಜೀವ.

ಆ ಕಾಡು ಬೇಗ ಬೇಗ ಹೋಗುತ್ತಿದೆ. 1990ರಲ್ಲಿ ಮಲಯಾ ಪರ್ಯಾಯ ದ್ವೀಪ, ಸುಮಾತ್ರಾ, ಬೋರ್ನಿಯೊದ ಪೀಟ್ ನೆಲದಲ್ಲಿ ನೂರಕ್ಕೆ 76 ಭಾಗ ಕಾಡಿತ್ತು. 2015ಕ್ಕೆ 29 ಉಳಿಯಿತು. ಜಾಸ್ತಿ ಹೋದದ್ದು ತಾಳೆಎಣ್ಣೆ ತೋಟಕ್ಕೆ, ಕಾಗದದ ಮರದ ತೋಪಿಗೆ. 1996ರಲ್ಲಿ ಇಂಡೋನೇಷ್ಯಾ ಸರ್ಕಾರ ಬೋರ್ನಿಯೊದ ಮಧ್ಯ ಕಾಲಿಮಂತಾನದಲ್ಲಿ ಸುಮಾರು 10 ಲಕ್ಷ ಹೆಕ್ಟೇರ್ ಪೀಟ್ ನೆಲವನ್ನು ಭತ್ತದ ಗದ್ದೆ ಮಾಡಲು ಹೊರಟು ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿಸಿತು. ಭತ್ತ ಬರಲಿಲ್ಲ. ನೀರು ಬಸಿದು ಒಣಗಿದ ಪೀಟ್‌ಗೆ 1997ರ ಬರಗಾಲದಲ್ಲಿ ಬೆಂಕಿ ಬಿತ್ತು. ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಅಂಗಡಿಗೆ ಬರುವ ಚಾಕೊಲೇಟ್ ಗೌರಾಮಿಗಳಲ್ಲಿ ಬಹುಪಾಲು ತೊಟ್ಟಿಯಲ್ಲಿ ಮರಿ ಮಾಡಿದ್ದಲ್ಲ, ಆ ಹಳ್ಳಗಳಿಂದ ಹಿಡಿದದ್ದು. ನಿಮ್ಮ ಎರಡು ಮೀನೂ ಹಾಗೆಯೇ ಬಂದಿರಬೇಕು. ಹಾಗಾಗಿ ಅವುಗಳಿಗೆ ನಾವು ಕೊಡುವ ಜಾಗ ಸರಿಯಾಗಿರಬೇಕು ಅಂತ ನನ್ನ ಹಟ.

ಈಗ ನೀರಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ನಿಮ್ಮ ಬೋರ್‌ವೆಲ್ ನೀರನ್ನು ಯಾವ ದ್ರಾವಣವೂ ಮೆದು ಮಾಡುವುದಿಲ್ಲ. ಲವಣವನ್ನು ತೆಗೆಯಬೇಕು, ಅಥವಾ ಲವಣ ಇಲ್ಲದ ನೀರನ್ನೇ ಹಿಡಿಯಬೇಕು. ಮೊದಲನೆಯದಕ್ಕೆ ಆರ್‌ಒ ಇದೆ, ಬೆಂಗಳೂರಿನ ಅರ್ಧ ಅಡುಗೆಮನೆಗಳಲ್ಲಿ ಗೋಡೆಗೆ ತೂಗುಹಾಕಿರುವುದೇ. ಆದರೆ ಅದರ ನಲ್ಲಿಯ ನೀರನ್ನು ನೇರವಾಗಿ ತಗೋಬೇಡಿ. ಕುಡಿಯುವ ಆರ್‌ಒಗಳಲ್ಲಿ ಕೊನೆಗೆ ರುಚಿಗೆ ಅಂತ ಖನಿಜ ಸೇರಿಸುವ ಒಂದು ಕೊಳವೆಯೋ, ಸ್ವಲ್ಪ ಕಚ್ಚಾ ನೀರು ಬೆರೆಸುವ ತಿರುಪೋ ಇರುತ್ತದೆ. ಸರ್ವೀಸ್‌ಗೆ ಬರುವ ಹುಡುಗನಿಗೆ ಹೇಳಿ, ಮೆಂಬ್ರೇನ್ (ಲವಣ ತಡೆಯುವ ಪೊರೆ) ಆದ ಕೂಡಲೇ, ಖನಿಜದ ಕೊಳವೆಗೆ ಮೊದಲು, ‘T’ ಆಕಾರದ ಒಂದು ಕವಲು ಜೋಡಣೆ ಹಾಕಿಸಿ ಸಣ್ಣ ನಲ್ಲಿ ಕೊಡಿಸಿ. ಮೆಂಬ್ರೇನ್ ಚೆನ್ನಾಗಿದ್ದರೆ ನಿಮ್ಮ 640 ಅಲ್ಲಿ 30ರಿಂದ 60ರ ಒಳಗೆ ಬರುತ್ತದೆ. ಸಾಕು.

ಖರ್ಚಿನ ಹೆದರಿಕೆ ಬೇಡ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕು ತುಂಬಿದರೆ 55 ಲೀಟರ್. ಮೊದಲ ಸಲ ಮಾತ್ರ ಅಷ್ಟು ಬೇಕು. ಆಮೇಲೆ ವಾರಕ್ಕೆ ಐದಾರು ಲೀಟರ್, ಒಂದು ದೊಡ್ಡ ಬಿಂದಿಗೆಗಿಂತ ಕಡಿಮೆ. ಆರ್‌ಒ ಹೊರಗೆ ಬಿಡುವ ನೀರಿನಲ್ಲಿ ನೆಲ ಒರೆಸಬಹುದು, ಬಾತ್‌ರೂಮ್ ತೊಳೆಯಬಹುದು.

ಎರಡನೆಯದು ಮಳೆ ನೀರು. ನನಗೆ ಇದೇ ಇಷ್ಟ. ಮೊದಲ ಒಂದೆರಡು ಮಳೆ ಬಿಟ್ಟುಬಿಡಿ, ಗಾಳಿಯ ಧೂಳು, ಹೊಗೆ ತೊಳೆದುಹೋಗಲಿ. ಆಮೇಲೆ ಹಿಡಿಯುವಾಗಲೂ ಸಿಮೆಂಟಿನ ತಾರಸಿಯ ಪೈಪಿನಿಂದ ಹಿಡಿಯಬೇಡಿ. ಸಿಮೆಂಟಿನ ಸುಣ್ಣ ಕರಗಿ ನೀರು ಗಡಸಾಗುತ್ತದೆ. ಸಂಪಿನ ನೀರಿಗೂ ಇದೇ ತೊಂದರೆ. ತಾರಸಿಯ ಮೇಲೆ ಸ್ವಚ್ಛ ಟಾರ್ಪಾಲನ್ನು ನಾಲ್ಕು ಮೂಲೆ ಎತ್ತಿ ಕಟ್ಟಿ, ನಡುವೆ ತಗ್ಗು ಮಾಡಿ, ನೀರು ಡ್ರಮ್ಮಿಗೆ ಇಳಿಯುವ ಹಾಗೆ ಮಾಡಿ. ಸೆಪ್ಟೆಂಬರ್‌ನಲ್ಲಿ ಒಂದು ಒಳ್ಳೆ ಮಳೆ ಬಂದರೆ ತಿಂಗಳುಗಟ್ಟಲೆಗೆ ಆಗುವಷ್ಟು ಸಿಗುತ್ತದೆ. ಡ್ರಮ್ಮಿಗೆ ಮುಚ್ಚಳ, ಬಾಯಿಗೆ ಸೊಳ್ಳೆ ಪರದೆ.

ಬಣ್ಣ ಮತ್ತು ಹುಳಿ ಎರಡನ್ನೂ ಕೊಡುವುದು ಬಾದಾಮಿ ಎಲೆ. ಪೇಟೆಯಲ್ಲಿ ಪ್ಯಾಕೆಟ್ ಮಾಡಿ ಮಾರುತ್ತಾರೆ, ಸುಮ್ನೆ ದುಡ್ಡು ಕೊಡಬೇಡಿ. ನಾವು ಕಾಡು ಬಾದಾಮಿ ಅನ್ನುವ, ಪಾರ್ಕಿನಲ್ಲಿ, ಶಾಲೆಯ ಅಂಗಳದಲ್ಲಿ ಛತ್ರಿ ಛತ್ರಿಯಾಗಿ ಬೆಳೆಯುವ ಮರದ್ದೇ ಅದು. ಚಳಿಗಾಲ ಮುಗಿಯುವ ಹೊತ್ತಿಗೆ ಎಲೆ ಕೆಂಪಾಗಿ ಉದುರುತ್ತದೆ. ತಾನಾಗಿ ಬಿದ್ದು ಕಂದು ಬಣ್ಣಕ್ಕೆ ಒಣಗಿದ್ದನ್ನು ಮಾತ್ರ ಆರಿಸಿ. ಹಸಿ ಎಲೆ ಕಿತ್ತು ಹಾಕಬೇಡಿ, ನೀರು ಕೊಳೆಯುತ್ತದೆ. ಟ್ರಾಫಿಕ್ ರಸ್ತೆಯ ಮರ, ಔಷಧ ಹೊಡೆಯುವ ತೋಟದ ಮರ ಬೇಡ. ತೊಳೆದು, ನೆರಳಲ್ಲಿ ಒಣಗಿಸಿ, ಗೋಣಿಚೀಲದಲ್ಲಿ ಕಟ್ಟಿಟ್ಟರೆ ವರ್ಷಕ್ಕಾಗುತ್ತದೆ.

ಒಂದು ಎಲೆ ನೀರಿಗೆ ಬಿಟ್ಟು ನೋಡಿ. ಮೊದಲ ದಿನ ದೋಣಿಯ ಹಾಗೆ ಮೇಲೇ ತೇಲುತ್ತದೆ. ಎರಡನೇ ದಿನ ಒಂದು ಅಂಚು ಬಾಗುತ್ತದೆ. ಮೂರನೇ ದಿನ ತಳಕ್ಕೆ ಇಳಿದಿರುತ್ತದೆ, ಅದರ ಸುತ್ತ ಹೊಂಬಣ್ಣದ ಎಳೆಗಳು ಹರಡಿರುತ್ತವೆ. ಎರಡು ವಾರಕ್ಕೆ ಎಲೆಯ ಮೇಲೆ ತೆಳ್ಳಗೆ ಲೋಳೆ ಕಟ್ಟುತ್ತದೆ. ಒರೆಸಬೇಡಿ. ಕಣ್ಣಿಗೆ ಕಾಣದ ಜೀವಿಗಳ ಊರು ಅದು, ಮರಿ ಮೀನಿಗೆ ಊಟ. ತಿಂಗಳು ಕಳೆಯುವ ಹೊತ್ತಿಗೆ ಎಲೆ ಕರಗಿ ನರಗಳ ಬಲೆ ಮಾತ್ರ ಉಳಿಯುತ್ತದೆ. ಅದನ್ನೂ ಬಿಡಿ, ಮೇಲೆ ಹೊಸ ಎಲೆ ಹಾಕಿ. 20–25 ಲೀಟರಿಗೆ ಅಂಗೈ ಎರಡರಷ್ಟು ಅಗಲದ ಒಂದು ಎಲೆಯಿಂದ ಶುರು ಮಾಡಿ, ನೀರಿನ ಬಣ್ಣ ನೋಡಿಕೊಂಡು ಸೇರಿಸುತ್ತಾ ಹೋಗಿ. ಇದೇ ಎಲೆಯನ್ನು ನಿಮ್ಮ 640ರ ನೀರಿಗೆ ಹತ್ತು ಹಾಕಿದರೂ ಬಣ್ಣ ಬರುತ್ತದೆ, ಹುಳಿ ಬರುವುದಿಲ್ಲ. ಸೋಡಾದ ಕಥೆ ನೆನಪಿದೆ ಅಲ್ವಾ? ಮೆದು ನೀರಿಗೆ ಮಾತ್ರ ಎಲೆ ಕೆಲಸ ಮಾಡುತ್ತದೆ. ಒಣಗಿದ ಹಲಸಿನ ಎಲೆಯೂ ಆಗುತ್ತದೆ. ಕೋಕೊಪೀಟ್ ಹಾಕುವವರು ಹಲವು ಸಲ ನೆನೆಸಿ ನೀರು ಚೆಲ್ಲಿ. ತೆಂಗಿನ ನಾರಿನಲ್ಲಿ ಉಪ್ಪು ಉಳಿದಿರುತ್ತದೆ.

ಗುರಿ ಇಷ್ಟು: ಟಿಡಿಎಸ್ 60ರ ಒಳಗೆ, ಪಿಎಚ್ 5ರಿಂದ 6ರ ನಡುವೆ ಎಲ್ಲಾದರೂ. ಪಿಎಚ್ ಅಂಕಿಯ ಹಿಂದೆ ಓಡಬೇಡಿ. ಲವಣವೇ ಇಲ್ಲದ ನೀರಿನಲ್ಲಿ ಅಗ್ಗದ ಪಿಎಚ್ ಪೆನ್ನುಗಳು ಸರಿಯಾಗಿ ತೋರಿಸುವುದೂ ಇಲ್ಲ, ಅಂಕಿ ತೇಲಾಡುತ್ತಲೇ ಇರುತ್ತದೆ. ಟಿಡಿಎಸ್ ಪೆನ್ನನ್ನು ನಂಬಿ.

ಟ್ಯಾಂಕಿನ ಜೋಡಣೆ ಸುಲಭ. ತಳಕ್ಕೆ ನುಣುಪಾದ ಮರಳು. ಹಾಕುವ ಮೊದಲು ಒಂದು ಮುಷ್ಟಿ ತಟ್ಟೆಗೆ ಹಾಕಿ ವಿನೆಗರ್ ಬಿಡಿ. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣ ಇದೆ, ಬೇಡ. ಕಪ್ಪೆಚಿಪ್ಪು, ಹವಳ, ಅಮೃತಶಿಲೆ ಯಾವುದೂ ಬೇಡ. ಒಂದು ಬೇರಿನ ಬೊಡ್ಡೆ, ಜಾವಾ ಪಾಚಿ, ಕ್ರಿಪ್ಟೊಕೊರಿನ್ ಅನ್ನುವ ನೀರಿನ ಗಿಡ, ಮೇಲೆ ತೇಲುವ ಸಾಲ್ವಿನಿಯಾ ಗಿಡ. ಬೆಳಕು ಮಂದವಾಗಿರಲಿ. ಸ್ಪಾಂಜ್ ಫಿಲ್ಟರನ್ನು ಗುಳ್ಳೆ ಎಣಿಸುವಷ್ಟು ನಿಧಾನಕ್ಕೆ ಬಿಡಿ. ಇದು ಬಿರುಸು ನೀರಿನ ಮೀನಲ್ಲ.

ಮುಚ್ಚಳ ಮರೆಯಬೇಡಿ. ಗೌರಾಮಿಗಳು ಕಿವಿರಿನಿಂದ ಉಸಿರಾಡುವುದರ ಜೊತೆಗೆ ಮೇಲೆ ಬಂದು ಗಾಳಿಯನ್ನೂ ನುಂಗುತ್ತವೆ. ಡಿಸೆಂಬರ್ ರಾತ್ರಿ ಬೆಂಗಳೂರಿನ ಗಾಳಿ 15 ಡಿಗ್ರಿಗೆ ಇಳಿದಿರುವಾಗ, 27 ಡಿಗ್ರಿ ನೀರಿನಲ್ಲಿರುವ ಮೀನು ಆ ತಣ್ಣನೆ ಗಾಳಿ ಎಳೆದುಕೊಳ್ಳಬಾರದು. ಮುಚ್ಚಳದ ಕೆಳಗೆ ಬಿಸಿ ಗಾಳಿಯ ಪದರ ಇರಲಿ. ನೀರು 26–28ರಲ್ಲಿ ಇರಲಿ, ಹೀಟರ್ ಬೇಕೇ ಬೇಕು.

ಫಿಲ್ಟರಿನ ವಿಷಯದಲ್ಲಿ ಆರು ವರ್ಷದ ನಿಮ್ಮ ಅನುಭವವನ್ನು ಸ್ವಲ್ಪ ಪಕ್ಕಕ್ಕಿಡಬೇಕಾಗುತ್ತದೆ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಪಿಎಚ್ 6ರ ಕೆಳಗೆ ಮಂಕಾಗುತ್ತವೆ. ಹಾಗಾಗಿ ಈ ಟ್ಯಾಂಕಿನಲ್ಲಿ ಅಮೋನಿಯಂ ತೆಗೆಯುವವರು ಮುಖ್ಯವಾಗಿ ಗಿಡಗಳು ಮತ್ತು ನೀವು. ಮೀನು ಕಡಿಮೆ, ಊಟ ಕಡಿಮೆ, ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ಅದೇ ಥರದ ಮೆದು ನೀರು. ಆರ್‌ಒ ಕೆಟ್ಟಿದೆ, ಒಂದೇ ಒಂದು ಸಲ ತಾನೇ ಅಂತ ಬೋರ್‌ವೆಲ್ ನೀರು ಸುರಿಯಬೇಡಿ. ಪಿಎಚ್ ಒಮ್ಮೆಲೇ ಏರುತ್ತದೆ, ಮಲಗಿದ್ದ ಅಮೋನಿಯಂ ಎಲ್ಲ ವಿಷವಾಗಿ ಏಳುತ್ತದೆ. ಹೀಗೇ ಒಂದು ಬಕೆಟ್ ನೀರು ಹಾಕಿ ನಾನು ಒಂದೇ ರಾತ್ರಿಯಲ್ಲಿ ಐದು ಮೀನು ಕಳೆದುಕೊಂಡಿದ್ದೇನೆ. ಬೆಳಗ್ಗೆ ಆ ಟ್ಯಾಂಕಿನ ಮುಂದೆ ಕೂತದ್ದು ಇನ್ನೂ ಮರೆತಿಲ್ಲ. ನೀರು ಸಿಗದ ವಾರ ಬದಲಿಸಲೇಬೇಡಿ, ಊಟ ಅರ್ಧ ಮಾಡಿ. ಏನೂ ಆಗುವುದಿಲ್ಲ.

ಈ ಟ್ಯಾಂಕನ್ನು ಈಗಲೇ ಜೋಡಿಸಿ, ಮೀನಿಲ್ಲದೆ ಎರಡು ತಿಂಗಳು ನಡೆಸಿ. ಗಿಡ ಬೇರೂರಲಿ, ಎಲೆ ಕೊಳೆಯಲಿ. ವಾರ ವಾರ ಟಿಡಿಎಸ್ ಬರೆದಿಡಿ. ಈ ಎರಡು ತಿಂಗಳು ಬೇಜಾರಿಲ್ಲದೆ ನೀರು ಹಿಡಿದು, ಎಲೆ ಹಾಕಿ, ಖಾಲಿ ಟ್ಯಾಂಕನ್ನು ನೋಡಿಕೊಂಡಿರಲು ನಿಮಗೆ ಆದರೆ, ಮೀನು ಬಂದ ಮೇಲೂ ಆಗುತ್ತದೆ.

ಟಬ್ಬಿನಲ್ಲಿ ಚೇತರಿಸಿಕೊಂಡ ಎರಡನ್ನು ಅಲ್ಲಿಗೆ ಒಂದೇ ದಿನ ಎತ್ತಿ ಹಾಕಬೇಡಿ. ಔಷಧದ ಅವಧಿಯಲ್ಲಿ ಬದಲಿಸುವ ಆ ಹತ್ತನೇ ಭಾಗಕ್ಕೆ ಆರ್‌ಒ ನೀರನ್ನೇ ಬಳಸಿ. ಎರಡು ವಾರದಲ್ಲಿ 640 ತಾನಾಗಿ 200ರ ಆಸುಪಾಸಿಗೆ ಇಳಿದಿರುತ್ತದೆ. ಔಷಧ ಮುಗಿದ ಮೇಲೆ ಎಲೆ ಹಾಕಿ ಹಾಗೇ ಇಳಿಸುತ್ತಾ ಹೋಗಿ. ಲವಣ ಜಾಸ್ತಿ ಇರುವ ನೀರಿನಿಂದ ಕಡಿಮೆ ಇರುವ ನೀರಿಗೆ ಮೀನನ್ನು ಒಮ್ಮೆಲೇ ತಂದರೆ ಮೈಯೊಳಗೆ ನೀರು ನುಗ್ಗುತ್ತದೆ, ಮೂತ್ರಪಿಂಡಕ್ಕೆ ತಡೆದುಕೊಳ್ಳಲು ಆಗುವುದಿಲ್ಲ. ಮುಂದೆ ಹೊಸ ಮೀನು ತರುವಾಗಲೂ ಅಷ್ಟೇ. ಅಂಗಡಿಯ ನೀರಿನ ಟಿಡಿಎಸ್ ಅಲ್ಲೇ ಅಳೆದುಕೊಳ್ಳಿ, ಬೇರೆ ಟಬ್ಬಿನಲ್ಲಿ ಅಲ್ಲಿಂದ ಶುರು ಮಾಡಿ, ಎರಡು ಮೂರು ವಾರ ಇಟ್ಟು ನಿಧಾನಕ್ಕೆ ಇಳಿಸಿ, ದಿನಾ ರಾತ್ರಿ ಟಾರ್ಚ್ ಪರೀಕ್ಷೆ ಮಾಡಿ.

ಕೊಳ್ಳುವಾಗ ಕನಿಷ್ಠ ನಾಲ್ಕನ್ನು ಒಟ್ಟಿಗೆ ತನ್ನಿ, ನಿಮ್ಮ ಎರಡು ಸೇರಿ ಆರಾಗಲಿ. ಅಂಗಡಿಗೆ ಬಂದ ದಿನವೇ ತರಬೇಡಿ, ಒಂದು ವಾರ ಅಲ್ಲಿ ಉಳಿದವನ್ನು ತನ್ನಿ. ಹೊಟ್ಟೆ ಒಳಗೆ ಸೇದಿದ್ದು, ರೆಕ್ಕೆ ಮುದುರಿದ್ದು ಬೇಡ. ನಿಮ್ಮ ಕಣ್ಣೆದುರಿಗೆ ತಿಂದು ತೋರಿಸಲಿ.

ಊಟಕ್ಕೆ ಈ ಮೀನು ಬಹಳ ನಿಧಾನ. ತಲೆ ಸ್ವಲ್ಪ ಕೆಳಗೆ ಮಾಡಿ, ಒಂದು ಹುಳುವನ್ನು ಎಷ್ಟೋ ಹೊತ್ತು ನೋಡಿ, ಆಮೇಲೆ ಚಕ್ಕನೆ ಹೀರುತ್ತದೆ. ಅಷ್ಟರಲ್ಲಿ ಪಕ್ಕದ ಬಾರ್ಬ್ ಮೂರು ತಿಂದಿರುತ್ತದೆ. ಹಾಗಾಗಿ ಏಂಜೆಲ್, ಬೆಟ್ಟಾ, ಬಾರ್ಬ್ ಯಾವುದರ ಜೊತೆಗೂ ಬೇಡ. ಇವು ಇವುಗಳ ಪಾಡಿಗೆ ಇರಲಿ. ಜೀವಂತ ಆಹಾರವೇ ಬೇಕು: ಆಗ ತಾನೇ ಮೊಟ್ಟೆ ಒಡೆದ ಆರ್ಟೀಮಿಯಾ (ಉಪ್ಪು ನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿ, ಡಾಫ್ನಿಯಾ ಅನ್ನುವ ನೀರು ಚಿಗಟ, ಓಟ್ಸ್ ಗಂಜಿಯಲ್ಲಿ ಬೆಳೆಸುವ ಮೈಕ್ರೋವರ್ಮ್. ಸೊಳ್ಳೆ ಮರಿ ಬಹಳ ಇಷ್ಟ. ಆದರೆ ಡೆಂಗ್ಯೂ ಊರಲ್ಲಿ ಬಕೆಟ್ ಇಟ್ಟು ಸೊಳ್ಳೆ ಬೆಳೆಸಬೇಡಿ, ಡ್ರಮ್ಮಿನಲ್ಲಿ ತಾನಾಗಿ ಕಂಡರೆ ಆ ದಿನವೇ ಸೋಸಿ ಹಾಕಿ. ಟ್ಯೂಬಿಫೆಕ್ಸ್ ಹುಳು ಬೇಡ, ಚರಂಡಿಯಿಂದ ರೋಗ ತರುತ್ತದೆ. ದಿನಕ್ಕೆ ಎರಡು ಸಲ, ಚೂರು ಚೂರು.

ನೀರು ಒಗ್ಗಿದರೆ ಒಂದು ದಿನ ನೀವು ನೋಡುವುದು ಹೀಗಿರುತ್ತದೆ. ಐದು ಸೆಂಟಿಮೀಟರಿನ ಮೀನು ಗಾಢ ಚಾಕೊಲೇಟ್ ಬಣ್ಣಕ್ಕೆ ತಿರುಗಿರುತ್ತದೆ, ಮೈಮೇಲಿನ ಕೆನೆ ಬಣ್ಣದ ಅಡ್ಡ ಪಟ್ಟಿಗಳು ಎದ್ದು ಕಾಣುತ್ತವೆ. ಆಮೇಲೊಂದು ಬೆಳಗ್ಗೆ ಹೆಣ್ಣು ಊಟಕ್ಕೆ ಬರುವುದಿಲ್ಲ. ರೋಗವೇ ಅಂತ ಗಾಬರಿಯಾಗಬೇಡಿ, ಗಂಟಲ ಕೆಳಗೆ ನೋಡಿ. ಬಾಯಲ್ಲಿ ಪಾಯಸ ತುಂಬಿಕೊಂಡ ಮಗುವಿನ ಕೆನ್ನೆಯ ಹಾಗೆ ಉಬ್ಬಿರುತ್ತದೆ. ಈ ಜಾತಿಯಲ್ಲಿ ಮೊಟ್ಟೆಯನ್ನು ಬಾಯೊಳಗೆ ಇಟ್ಟುಕೊಂಡು ಕಾಯುವುದು ತಾಯಿ. ಸುಮಾರು ಎರಡು ವಾರ ಏನೂ ತಿನ್ನದೆ ಎಲೆಗಳ ನೆರಳಲ್ಲಿ ನಿಂತಿರುತ್ತಾಳೆ. ಆ ದಿನಗಳಲ್ಲಿ ನೀರು ಬದಲಿಸಬೇಡಿ, ಟ್ಯಾಂಕಿಗೆ ಕೈ ಹಾಕಬೇಡಿ, ಬಲೆ ತೋರಿಸಬೇಡಿ. ಹೆದರಿದರೆ ಮೊಟ್ಟೆ ನುಂಗಿಬಿಡುತ್ತಾಳೆ. ಹೊರಗೆ ಬರುವ ಮರಿಗಳು ಮೊದಲ ದಿನದಿಂದಲೇ ಆರ್ಟೀಮಿಯಾ ತಿನ್ನುವಷ್ಟು ದೊಡ್ಡವಿರುತ್ತವೆ. ಸಾಕಲು ಕಷ್ಟವಿಲ್ಲ. ಹೀಗೆ ಮನೆಯಲ್ಲಿ ಹುಟ್ಟಿದ ಹತ್ತು ಮರಿ ಗೆಳೆಯರಿಗೆ ಕೊಟ್ಟರೆ, ಅಷ್ಟು ಮೀನು ಆ ಹಳ್ಳದಿಂದ ಹಿಡಿದು ತರುವುದು ತಪ್ಪುತ್ತದೆ.

ಇದೆಲ್ಲ ಓದಿ, ಬೇಡಪ್ಪ ಇಷ್ಟು ಕೆಲಸ ಅನಿಸಿದರೂ ತಪ್ಪಿಲ್ಲ. ಆಗ ಉಳಿದ ಎರಡನ್ನು ಮೆದು ನೀರಿನ ಟ್ಯಾಂಕು ಇರುವ ಯಾರಿಗಾದರೂ ಕೊಡಿ, ಕೆರೆಗೆ ಮಾತ್ರ ಬಿಡಬೇಡಿ. ನಿಮಗೆ ಜೇನು ಗೌರಾಮಿ ಇದೆ. ಗಂಗಾ–ಬ್ರಹ್ಮಪುತ್ರಾ ಬಯಲಿನ ನಮ್ಮದೇ ಮೀನು, ಅಷ್ಟೇ ಪುಟ್ಟದು, ಅಷ್ಟೇ ಸಾಧು. ನಿಮ್ಮ ಬೋರ್‌ವೆಲ್ ನೀರಿಗೆ ಅರ್ಧದಷ್ಟು ಆರ್‌ಒ ಬೆರೆಸಿದರೆ ಆರಾಮಾಗಿ ಇರುತ್ತದೆ.

ಮಾಡುತ್ತೇನೆ ಅಂತಿದ್ದರೆ, ಇವತ್ತು ರಾತ್ರಿ ಟಾರ್ಚ್ ಹಿಡಿದು ನೋಡಿ, ಏನು ಕಂಡಿತು ಅಂತ ಬರೆಯಿರಿ. ಆರ್‌ಒ ಮೆಂಬ್ರೇನ್ ಆದ ಮೇಲಿನ ನೀರಿನ ಟಿಡಿಎಸ್ಸೂ ಅಳೆದು ತಿಳಿಸಿ. ಅದು 80 ದಾಟಿದರೆ ಮೆಂಬ್ರೇನ್ ಬದಲಿಸುವ ಕಾಲ ಬಂದಿದೆ, ಮೊದಲು ಅದನ್ನು ಮಾಡಿಸಿ.